ನಿಮ್ಮ ಮನೆಯ ಕಿಲೋವ್ಯಾಟ್ ಎಷ್ಟು?

ಕನ್ನಡದ ಗೆಳೆಯರೇ, ಒಂದು ಪ್ರಶ್ನೆ. ನಿಮ್ಮ ಮೊಬೈಲಿಗೆ ದಿನಕ್ಕೆ ಎಷ್ಟು ಜಿ.ಬಿ. ಸಿಗುತ್ತದೆ? ತಟ್ಟನೆ ಹೇಳುತ್ತೀರಿ. ನಿಮ್ಮ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ? ಅದೂ ಗೊತ್ತು. ಸರಿ, ನಿಮ್ಮ ಮನೆಗೆ ಎಷ್ಟು ಕಿಲೋವ್ಯಾಟ್ ವಿದ್ಯುತ್ ಮಂಜೂರಾಗಿದೆ?

ಸುಮ್ಮನಾದಿರಿ! ನಾಚಬೇಡಿ, ಈ ಪ್ರಶ್ನೆಗೆ ನಾನೂ ಸುಮ್ಮನಾದವನೇ. ಕೇಳಿದವನು ನನ್ನ ಅಣ್ಣನ ಮಗ. ಸೇಡಂನಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಮುಂದಿನ ಓದಿಗೆ ಇಟಲಿಯ ತೂರಿನ್ ನಗರಕ್ಕೆ ಹೋದ ಹುಡುಗ. ಒಂದು ಚಳಿಗಾಲದ ರಾತ್ರಿ ಫೋನ್ ಮಾಡಿದ.

"ಕಾಕಾ, ಕರೆಂಟ್ ಹೋಗ್ಯದ. ಬಾಜೂ ಮನ್ಯಾಗ ಅದ, ಎದುರು ಮನ್ಯಾಗ ಅದ, ನಮ್ಮ ಮನ್ಯಾಗ ಅಷ್ಟೇ ಇಲ್ಲ. ಏನ್ ಮಾಡ್ಲಿ?"

ಸೇಡಂನಿಂದ ನಾನೇನು ಹೇಳಲಿ? ಫ್ಯೂಜ್ ನೋಡು ಅಂದೆ. ಫ್ಯೂಜ್ ಸರಿಯಾಗಿತ್ತು. ಕೊನೆಗೆ ಕೆಳಗಿನ ಮನೆಯ ಅಜ್ಜಿಯೊಬ್ಬಳು ಅವನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಮೀಟರಿನ ಗುಂಡಿ ಮೇಲೆತ್ತಿ ತೋರಿಸಿದಳಂತೆ. ದೀಪ ಬಂತು. ಅರ್ಧ ಗಂಟೆಗೆ ಮತ್ತೆ ಹೋಯಿತು.

ಆ ಮನೆಯಲ್ಲಿ ನಾಲ್ಕು ಹುಡುಗರಿದ್ದರು. ಒಬ್ಬ ಇಂಡಕ್ಷನ್ ಒಲೆಯ ಮೇಲೆ ಬೇಳೆ ಇಟ್ಟಿದ್ದ. ಒಬ್ಬ ಬಟ್ಟೆ ಒಗೆಯುವ ಯಂತ್ರ ಹಾಕಿದ್ದ. ಇನ್ನೊಬ್ಬ ಚಳಿಗೆ ಹೀಟರ್ ಹಚ್ಚಿ ಕೂತಿದ್ದ. ಒಲೆ 1,800 ವ್ಯಾಟ್, ಹೀಟರ್ 1,500. ಅಲ್ಲಿನ ಬಟ್ಟೆ ಯಂತ್ರ ನೀರನ್ನು ತಾನೇ ಕಾಯಿಸುತ್ತದೆ, ಅದು ಸುಮಾರು 2,000. ಕೂಡಿಸಿದರೆ 5,300 ವ್ಯಾಟ್, ಅಂದರೆ ಐದು ಕಿಲೋವ್ಯಾಟ್ ದಾಟಿತು. ಮನೆಗಿದ್ದ ಕರಾರು 3 ಕಿಲೋವ್ಯಾಟ್!

ಇಟಲಿಯಲ್ಲಿ ಬಹುಪಾಲು ಮನೆಗಳ ಕರಾರು 3 ಕಿಲೋವ್ಯಾಟಿನದು. ಅದರ ಮೇಲೆ ಶೇಕಡಾ 10ರಷ್ಟು ಸಡಿಲಿಕೆ ಉಂಟು. 3.3ರವರೆಗೆ ಎಷ್ಟು ಹೊತ್ತಾದರೂ ಎಳೆಯಬಹುದು. ಅದನ್ನು ತುಸು ಮೀರಿದರೆ ಮೀಟರು ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ, ಬಹಳ ಮೀರಿದರೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಲೈನ್‌ಮನ್ ಬರಬೇಕಿಲ್ಲ, ನೋಟಿಸೂ ಇಲ್ಲ.

ಹುಡುಗ ಮರುದಿನ ಬಿಲ್ಲು ಹಿಡಿದು ಕೂತ. ಇಟಾಲಿಯನ್ ಬರುವುದಿಲ್ಲ, ಆದರೂ ನಿಘಂಟು ಹಿಡಿದು ಒಂದೊಂದೇ ಸಾಲು ಬಿಡಿಸಿದ. 'ಪೊತೆಂಝಾ ಇಂಪೆನ್ಯಾತಾ' ಅಂದರೆ ಆ ಮನೆಗೆ ಮುಡಿಪಿಟ್ಟ ಶಕ್ತಿ, 3 ಕಿಲೋವ್ಯಾಟ್. ಒಂದೊಂದು ಕಿಲೋವ್ಯಾಟಿಗೂ ಬೇರೆ ಶುಲ್ಕ, ಬಳಸಿದ ಯೂನಿಟ್ಟಿಗೆ ಬೇರೆ. ಮೇಲೆ ತೆರಿಗೆ. ಇನ್ನೊಂದು ತಮಾಷೆ ಕೇಳಿ. 2016ರಿಂದ ಅಲ್ಲಿನ ಸರ್ಕಾರಿ ಟಿ.ವಿ.ಯ ಪರವಾನಗಿ ಶುಲ್ಕವನ್ನೂ ಮನೆಯ ಕರೆಂಟ್ ಬಿಲ್ಲಿನಲ್ಲೇ ವಸೂಲಿ ಮಾಡುತ್ತಾರೆ! ಜನ ಟಿ.ವಿ. ಶುಲ್ಕ ತಪ್ಪಿಸುತ್ತಿದ್ದರು, ಕರೆಂಟ್ ಬಿಲ್ ತಪ್ಪಿಸಲಾರರಲ್ಲ. 2017ರಿಂದ ಅರ್ಧರ್ಧ ಕಿಲೋವ್ಯಾಟಿನ ಲೆಕ್ಕದಲ್ಲಿ ಕರಾರು ಏರಿಸಲು, ಇಳಿಸಲು ಅಲ್ಲಿ ಅವಕಾಶವಿದೆ. ನಾಲ್ವರೂ ಮಾಲೀಕನ ಹತ್ತಿರ ಹೋಗಿ 4.5ಕ್ಕೆ ಏರಿಸಿಕೊಂಡರು, ಹೆಚ್ಚಿನ ದುಡ್ಡು ಹಂಚಿಕೊಂಡರು.

ಅದೆಲ್ಲ ಹೇಳಿ ಮುಗಿಸಿ ಹುಡುಗ ಕೇಳಿದ: "ನಮ್ಮ ಸೇಡಂ ಮನೀದು ಎಷ್ಟದ ಕಾಕಾ?"

ಮೂವತ್ತು ವರ್ಷ ಆ ಮನೆಯ ಬಿಲ್ಲು ಕಟ್ಟಿದವನು ನಾನು. ನನಗೆ ಗೊತ್ತಿರಲಿಲ್ಲ.

ಗೆಳೆಯರೇ, ಪರದೇಶದ ಬಿಲ್ಲನ್ನು ಪರಭಾಷೆಯಲ್ಲಿ ಓದಿ ತಿಳಿದುಕೊಂಡ ನಮ್ಮ ಹುಡುಗ, ತನ್ನ ಅವ್ವನ ಮನೆಯ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ ಬಿಲ್ಲನ್ನು ಎಂದೂ ಓದಿರಲಿಲ್ಲ. ಅವನ ತಪ್ಪೇ? ಶಾಲೆಯಲ್ಲಿ ಓಮನ ನಿಯಮ ಕಲಿಸಿದರು. ಬಿಲ್ಲು ಕಲಿಸಲಿಲ್ಲ.

ಹಾಗಾದರೆ ಈಗ ಕಲಿಯೋಣ. ಹಳೆಯ ಬಿಲ್ಲೊಂದನ್ನು ಕೈಗೆ ತೆಗೆದುಕೊಳ್ಳಿ.

ಮೊದಲು ಎರಡು ಮಾತಿನ ಗೊಂದಲ ಕಳೆಯಬೇಕು. ನಿಮ್ಮ ಮನೆಯ ನಳ ಎಷ್ಟು ಅಗಲವಿದೆ ಎಂಬುದು ಕಿಲೋವ್ಯಾಟ್. ದಿನವಿಡೀ ಎಷ್ಟು ಕೊಡ ತುಂಬಿಕೊಂಡಿರಿ ಎಂಬುದು ಯೂನಿಟ್. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ನಡೆದರೆ ಒಂದು ಯೂನಿಟ್. 75 ವ್ಯಾಟಿನ ಫ್ಯಾನು ಒಂದು ಯೂನಿಟ್ ತಿನ್ನಲು ಹದಿಮೂರು ಗಂಟೆಗೂ ಹೆಚ್ಚು ಬೇಕು. ಈಗ ಬಂದಿರುವ ಹೊಸ ಬಗೆಯ ಫ್ಯಾನುಗಳು 30 ವ್ಯಾಟಿನ ಆಸುಪಾಸು. ಅವಕ್ಕೆ ಒಂದೂವರೆ ದಿನ ಬೇಕಾದೀತು. ಶಹಾಬಾದಿನ ಪರಸಿ ಕಲ್ಲು ಹೊದಿಸಿದ ಮನೆಗಳಲ್ಲಿ ಮೇ ತಿಂಗಳ ರಾತ್ರಿ ಮಲಗಿ ನೋಡಿದವರಿಗೆ ಗೊತ್ತು, ಕೂಲರ್ ಎಂಬುದು ಅಲ್ಲಿ ಶೋಕಿಯ ವಸ್ತುವಲ್ಲ. ಆ ಕೂಲರು 180 ವ್ಯಾಟ್ ಎಂದಿಟ್ಟುಕೊಳ್ಳಿ. ರಾತ್ರಿ ಹತ್ತು ಗಂಟೆ ಓಡಿದರೆ 1.8 ಯೂನಿಟ್, ತಿಂಗಳಿಗೆ 54. ಅದೊಂದೇ!

ಬಿಲ್ಲಿನಲ್ಲಿ ಮೊದಲು ಹುಡುಕಬೇಕಾದ್ದು 'ಮಂಜೂರಾದ' ಎಂದು ಶುರುವಾಗುವ ಸಾಲು. ಒಂದು, ಎರಡು, ಮೂರು ಎಂದು ಕಿಲೋವ್ಯಾಟ್ ಬರೆದಿರುತ್ತಾರೆ. ಅದೇ ನಿಮ್ಮ ಮನೆಯ ನಳದ ಅಗಲ. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025ರ ಮಾರ್ಚಿನಲ್ಲಿ ಹೊರಡಿಸಿದ ಆದೇಶದಂತೆ, 2025-26ರ ಸಾಲಿಗೆ ಗೃಹಬಳಕೆಯ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ. ಹಿಂದಿನ ವರ್ಷ 120 ಇತ್ತು. ಯೂನಿಟ್ ದರ 5 ರೂಪಾಯಿ 90 ಪೈಸೆಯಿಂದ 5.80ಕ್ಕೆ ಇಳಿಯಿತು. ಪತ್ರಿಕೆಗಳು "ಯೂನಿಟ್ ದರ 10 ಪೈಸೆ ಇಳಿಕೆ" ಎಂದು ಬರೆದವು, ಜನ ಖುಷಿಪಟ್ಟರು. 3 ಕಿಲೋವ್ಯಾಟಿನ ಮನೆಗೆ ನಿಗದಿತ ಶುಲ್ಕ 360ರಿಂದ 435ಕ್ಕೆ ಏರಿದ್ದನ್ನು ಎಷ್ಟು ಜನ ನೋಡಿದರು? ಅದರ ಜೊತೆಗೇ, ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆ ಹೊಸದಾಗಿ ಸೇರಿತು. 10 ಪೈಸೆ ಇಳಿಸಿ 36 ಪೈಸೆ ಏರಿಸಿದ ಲೆಕ್ಕವನ್ನು ಸಂತೆಯ ಕಾಯಿಪಲ್ಯ ಮಾರುವವಳು ಮಾಡಿದ್ದರೆ ತಕ್ಕಡಿಯನ್ನೇ ಹಿಡಿದುಕೊಳ್ಳುತ್ತಿದ್ದೆವು.

"ನಮಗೆ ಗೃಹಜ್ಯೋತಿ ಇದೆ, ಸೊನ್ನೆ ಬಿಲ್ಲು, ನಮಗೇಕೆ ಇದೆಲ್ಲ" ಎನ್ನುತ್ತೀರಿ. ಯೋಜನೆಗೆ ವಿಧ್ಯುಕ್ತವಾಗಿ ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ, 2023ರ ಆಗಸ್ಟ್ 5ರಂದು. ಬಡವರ ಮನೆಗೆ ಅದರಿಂದ ದೊಡ್ಡ ಉಪಕಾರವಾಗಿದೆ. ಅದನ್ನು ಹಂಗಿಸುವವರ ಜೊತೆ ನಾನಿಲ್ಲ. ಆದರೆ ಸೊನ್ನೆ ಬಿಲ್ಲು ಬಂದ ಮೇಲೆ ನಾವು ಓದುವ ಅಲ್ಪಸ್ವಲ್ಪವನ್ನೂ ಬಿಟ್ಟುಬಿಟ್ಟೆವು. "200 ಯೂನಿಟ್ ಫ್ರೀ" ಎಂದು ಎಲ್ಲರ ಬಾಯಲ್ಲಿದೆ. ಅದು ಪೂರ್ತಿ ನಿಜವಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತೋ ಅದಕ್ಕೆ ಶೇಕಡಾ 10 ಸೇರಿಸಿದರೆ ನಿಮ್ಮ ಹಕ್ಕಿನ ಯೂನಿಟ್. 90 ಬಳಸಿದ ಮನೆಗೆ 99. ಈ ತಿಂಗಳು 130 ಆದರೆ ಮಿಕ್ಕ 31 ಯೂನಿಟ್ಟಿನ ದುಡ್ಡು ನೀವು ಕೊಡಬೇಕು. ತೀರಾ ಕಡಿಮೆ, 48 ಯೂನಿಟ್ಟಿಗಿಂತ ಕೆಳಗೆ ಬಳಸುವ ಮನೆಗಳಿಗೆ ಶೇಕಡಾ 10ರ ಬದಲು 10 ಯೂನಿಟ್ ಕೊಡಲು 2024ರ ಜನವರಿಯಲ್ಲಿ ಸಂಪುಟ ಒಪ್ಪಿತು. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಹಿಡಿದು, ಶೇಕಡಾ 10 ಕೂಡಿಸಿ, 58 ಯೂನಿಟ್ ಕೊಟ್ಟರು.

ಇನ್ನು 200 ದಾಟಿದಿರೋ, ಪೂರ್ತಿ ಬಿಲ್ಲು ನಿಮ್ಮದೇ. 2 ಕಿಲೋವ್ಯಾಟಿನ ಮನೆಯಲ್ಲಿ 201 ಯೂನಿಟ್ ಆಯಿತೆನ್ನಿ. 2025-26ರ ದರದಲ್ಲಿ ನಿಗದಿತ ಶುಲ್ಕ 290, ಯೂನಿಟ್ಟಿಗೆ 1,165, ಪಿಂಚಣಿ ಬಾಬ್ತು 72, ಶೇಕಡಾ 9ರ ತೆರಿಗೆ 105. ಎಲ್ಲ ಸೇರಿ 1,630 ರೂಪಾಯಿಯ ಮೇಲೆ. ತಿಂಗಳ ಕೊನೆಯ ಒಂದು ರಾತ್ರಿಯ ಕೂಲರಿಗೆ ಈ ಬೆಲೆ. ಆದ್ದರಿಂದ 20ನೇ ದಿನಕ್ಕೊಮ್ಮೆ ಮೀಟರ್ ನೋಡಿ. ಕಳೆದ ಬಿಲ್ಲಿನ 'ಇಂದಿನ ಮಾಪನ'ವನ್ನು ಅದರಲ್ಲಿ ಕಳೆಯಿರಿ. ಇಷ್ಟೇ ಲೆಕ್ಕ.

ಮೀಟರಿನ ಮೇಲೆ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3,200 ಎಂದಿದ್ದರೆ, ಮನೆಯ ಎಲ್ಲವನ್ನೂ ಆರಿಸಿ 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಮಾತ್ರ ಹಚ್ಚಿ ಎಣಿಸಿ. ನಿಮಿಷಕ್ಕೆ ಸುಮಾರು 53 ಮಿಣುಕಬೇಕು. ಎಂಬತ್ತು ಬಂದರೆ ಜಗಳಕ್ಕೆ ಆಧಾರ ಸಿಕ್ಕಿತು. ಎಲ್ಲ ಆರಿಸಿದ ಮೇಲೂ ಮಿಣುಕುತ್ತಿದ್ದರೆ ವೈರಿಂಗಿನಲ್ಲಿ ಎಲ್ಲೋ ಸೋರುತ್ತಿದೆ, ಇಲ್ಲವೇ ಬಾಜೂದವರು ನಿಮ್ಮ ಪುಣ್ಯದಲ್ಲಿ ಬದುಕುತ್ತಿದ್ದಾರೆ!

ಮತ್ತೆ ಕಿಲೋವ್ಯಾಟಿಗೆ ಬರೋಣ. ನಮ್ಮಲ್ಲಿ ಮಿತಿ ಮೀರಿದರೆ ಇಟಲಿಯಂತೆ ಮೀಟರು ಬಾಗಿಲು ಹಾಕುವುದಿಲ್ಲ. ಹಾಗಾಗಿ ಮಿತಿಯೇ ಇಲ್ಲ ಎಂದುಕೊಂಡಿದ್ದೇವೆ. ಬೆಳಗಿನ ಏಳು ಗಂಟೆಯ ನಮ್ಮ ಮನೆ ನೋಡಿ. ಬಕೆಟ್ಟಿನಲ್ಲಿ ಕಾಯಿಲ್, 1,500 ವ್ಯಾಟ್. ಅರ್ಧ ಎಚ್.ಪಿ. ಮೋಟರ್, ಸುಮಾರು 400. ಮಿಕ್ಸರ್ 500. ಎರಡು ಫ್ಯಾನು, ಫ್ರಿಜ್ಜು ಸೇರಿ 300. ಒಟ್ಟು 2.7 ಕಿಲೋವ್ಯಾಟ್. ಮಂಜೂರಾದದ್ದು ಒಂದೇ ಒಂದು. ಎಲೆಕ್ಟ್ರಾನಿಕ್ ಮೀಟರು ಕೆಲವು ನಿಮಿಷಗಳ ಸರಾಸರಿ ತೆಗೆದು, ತಿಂಗಳಲ್ಲೇ ಅತಿ ಹೆಚ್ಚಿನ ಎಳೆತವನ್ನು ಬರೆದಿಟ್ಟುಕೊಳ್ಳುತ್ತದೆ. ಬಿಲ್ಲಿನಲ್ಲಿ 'ಎಂ.ಡಿ.' ಎಂಬ ಎರಡಕ್ಷರ ಅದರದ್ದೇ. ಅದರ ಮೇಲೆ ನೋಟಿಸು ಬರಬಹುದು, ದಂಡ ಬೀಳಬಹುದು, ಹೆಚ್ಚಿನ ಠೇವಣಿ ಕೇಳಬಹುದು.

ಆದರೆ ದಂಡಕ್ಕಿಂತ ದೊಡ್ಡ ಸಂಗತಿ ನಿಮ್ಮ ಓಣಿಯ ಮೂಲೆಯ ಟಿ.ಸಿ. 63 ಕೆ.ವಿ.ಎ. ಟಿ.ಸಿ.ಯ ಮೇಲೆ ಐವತ್ತು ಮನೆ ಎನ್ನಿ. ಕಾಗದದ ಮೇಲೆ ಮನೆಗೊಂದು ಕಿಲೋವ್ಯಾಟಿನಂತೆ 50. ಎಲ್ಲ ಸುಸೂತ್ರ! ಮೇ ತಿಂಗಳ ರಾತ್ರಿ ಒಂದೊಂದು ಮನೆಯೂ ಎರಡೆರಡು ಎಳೆದರೆ ನೂರು. ಟಿ.ಸಿ. ಢಂ ಎಂದಿತು. ನಾವೆಲ್ಲ ಬನಿಯನ್ನಿನಲ್ಲಿ ಬೀದಿಗೆ ಬಂದು ಲೈನ್‌ಮನ್‌ನ ವಂಶವನ್ನೆಲ್ಲ ಬೈದೆವು. ಕಂಬ ಹತ್ತುವ ಆ ಬಡಪಾಯಿ ಏನು ಮಾಡಿಯಾನು? ಕಾಗದದ ಮೇಲೆ ಐವತ್ತೇ ಇರುವಾಗ ನೂರರ ಟಿ.ಸಿ. ಬೇಕೆಂದು ಯಾವ ಇಂಜಿನಿಯರ್ ಬರೆದಾನು? ಇಷ್ಟು ಹೇಳಿ ಇನ್ನೊಂದೂ ಹೇಳಬೇಕು. ಸುಟ್ಟ ಟಿ.ಸಿ.ಯನ್ನು ಪಟ್ಟಣದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕೆಂದು ಆಯೋಗದ ನಿಯಮವೇ ಇದೆ. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ದೂರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ಭಾಷೆಯ ಮಾತು. "ಬಿಲ್ಲು ಕನ್ನಡದಲ್ಲೇ ಇದೆಯಲ್ಲ" ಎನ್ನುತ್ತಾರೆ. ಲಿಪಿ ಕನ್ನಡದ್ದು, ನಿಜ. ನಮ್ಮ ರಾಜ್ಯದ ವಿದ್ಯುತ್ ಬಿಲ್ಲುಗಳಲ್ಲಿ 'ಜಕಾತಿ' ಎಂಬ ಪದ ಕಂಡೀರಿ. ದರದ ವರ್ಗಕ್ಕೆ ಅವರು ಇಟ್ಟ ಹೆಸರು ಅದು. ಚಿತ್ತಾಪುರದ ಮುದುಕನಿಗೆ ಜಕಾತಿ ಎಂದರೆ ಊರ ಬಾಗಿಲ ನಾಕೆಯಲ್ಲಿ ಗಾಡಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಸುಂಕ. ರಾಜ್ಯದಲ್ಲಿ ಅದು 1979ರಲ್ಲೇ ರದ್ದಾಯಿತು, ಬಿಲ್ಲಿನಲ್ಲಿ ಉಳಿದುಕೊಂಡಿತು! 'ಇ.ಹೊಂ. ಶುಲ್ಕ' ಎಂದಿರುತ್ತದೆ. ಇಂಧನ ಹೊಂದಾಣಿಕೆಯಂತೆ. ಕಲ್ಲಿದ್ದಲು ಮತ್ತು ಕೊಂಡ ವಿದ್ಯುತ್ತಿನ ಬೆಲೆ ಅಂದಾಜಿಗಿಂತ ಏರಿದರೆ ಅದನ್ನು ನಮ್ಮ ಮೇಲೆ ಹಾಕುವ, ಇಳಿದರೆ ಕಳೆಯುವ ಬಾಬ್ತು. ಇದನ್ನು 'ಕಲ್ಲಿದ್ದಲು ದರದ ಏರಿಳಿತ' ಎಂದು ಬರೆದರೆ ಶಾಯಿ ಖರ್ಚಾಗುತ್ತದೆಯೇ? ಇಟಲಿಯ ಬೊಲ್ಝಾನೊ ಪ್ರಾಂತ್ಯದಲ್ಲಿ ಜರ್ಮನ್ ಮಾತಾಡುವವರ ಭಾಷೆಗೆ ಇಟಾಲಿಯನ್ನಿನ ಸಮಾನ ಸ್ಥಾನವಿದೆ. ಬೇರೆ ಭಾಷೆಯ ದೇಶದೊಳಗೆ ಅವರು ಅಷ್ಟು ಪಡೆದರು. ನಾವು ನಮ್ಮದೇ ರಾಜ್ಯದಲ್ಲಿ ಕನ್ನಡ ಅಕ್ಷರದ ಒಗಟು ಬಿಡಿಸುತ್ತಾ ಕೂತಿದ್ದೇವೆ. ಕನ್ನಡಪರ ಗೆಳೆಯರು ಬೋರ್ಡುಗಳ ಭಾಷೆಗೆ ಹೋರಾಡಿದ್ದೀರಿ, ಒಳ್ಳೆಯದು. ಪ್ರತಿ ತಿಂಗಳು ಪ್ರತಿ ಮನೆಗೆ ಬರುವ ಈ ತುಂಡು ಕಾಗದವನ್ನೂ ಒಮ್ಮೆ ನೋಡಿ.

ಬೆಂಗಳೂರಿನಲ್ಲಿರುವವರು ಇದನ್ನು ಹಳ್ಳಿಗಾಡಿನ ಕಥೆ ಎನ್ನಬೇಡಿ. ಚಿತ್ತಾಪುರದ ನನ್ನ ಅಕ್ಕನ ಮಗಳು ಅಲ್ಲಿಯ ಒಂದು ಬಡಾವಣೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದಳು. ಆರು ಕೋಣೆ, ಒಂದೇ ಮೀಟರು, ಒಳಗೆ ಸಬ್‌ಮೀಟರು. ಮಾಲೀಕ ಯೂನಿಟ್ಟಿಗೆ 10 ರೂಪಾಯಿ ಹಿಡಿಯುತ್ತಿದ್ದ. ಮೇಲೆ ತಿಂಗಳಿಗೆ 300 'ಲೋಡ್ ಚಾರ್ಜು'. ಲೋಡ್ ಎಂದರೇನು ಎಂದು ಕೇಳಿದರೆ "ಅದೆಲ್ಲ ನಿನಗೆ ಅರ್ಥವಾಗಲ್ಲಮ್ಮ" ಎಂದನಂತೆ. ಹುಡುಗಿ ಹಟ ಹಿಡಿದು ಅಸಲು ಬಿಲ್ಲಿನ ಫೋಟೊ ತೆಗೆದುಕೊಂಡಳು. ಕಟ್ಟಡಕ್ಕೆ 8 ಕಿಲೋವ್ಯಾಟ್. 145ರಂತೆ 1,160 ರೂಪಾಯಿ. ಅವನು ಆರು ಕೋಣೆಯಿಂದ ಎತ್ತುತ್ತಿದ್ದದ್ದು 1,800! ಯೂನಿಟ್ಟಿಗೆ 5.80, ಪಿಂಚಣಿ ಬಾಬ್ತು 36 ಪೈಸೆ, ತೆರಿಗೆ 52 ಪೈಸೆ, ಒಟ್ಟು 6 ರೂಪಾಯಿ 68 ಪೈಸೆ. ಇಂಧನ ಹೊಂದಾಣಿಕೆ ಬಂದರೆ ಚೂರು ಆಚೀಚೆ. ಅವಳು ಇದನ್ನೆಲ್ಲ ಒಂದು ಹಾಳೆಯ ಮೇಲೆ ಅಚ್ಚ ಕನ್ನಡದಲ್ಲಿ ಬರೆದು, ಆರೂ ಕೋಣೆಯವರ ಸಹಿ ಹಾಕಿಸಿ ಕೊಟ್ಟಳು. ಯೂನಿಟ್ಟಿಗೆ 7, ಲೋಡಿಗೆ 200 ಎಂದು ಇಳಿಯಿತು. ಆ 200ರಲ್ಲೂ ಅವನಿಗೆ ನಷ್ಟವಿಲ್ಲ, ಲೆಕ್ಕ ಹಾಕಿ ನೋಡಿ.

ಬೇರೆ ಊರಿಗೆ ಹೋಗುವವರಿಗೂ ಇದೇ ಲೆಕ್ಕ ಕೈಹಿಡಿಯುತ್ತದೆ. ಚಿಂಚೋಳಿಯ ತಾಂಡಾಗಳಿಂದ ಹೈದರಾಬಾದು, ಪುಣೆ, ಮುಂಬಯಿಗೆ ದುಡಿಯಲು ಹೋಗುವವರು ಸಾವಿರಾರು. ತೆಲಂಗಾಣದಲ್ಲೂ 2024ರ ಮಾರ್ಚಿನಿಂದ ಗೃಹಜ್ಯೋತಿ ಎಂಬ ಹೆಸರಿನಲ್ಲೇ 200 ಯೂನಿಟ್ಟಿನ ಯೋಜನೆ ಬಂತು. ಹೆಸರೊಂದೇ ಎಂದು ನಂಬಿ ಹೋಗಬೇಡಿ, ಅಲ್ಲಿ ಅದು ಆ ರಾಜ್ಯದ ಬಿಳಿ ರೇಷನ್ ಕಾರ್ಡಿಗೆ ಕಟ್ಟಿದ್ದು. ವಾಡಿ, ಶಹಾಬಾದಿನ ಕಾರ್ಖಾನೆಗಳಲ್ಲಿ ಕೆಲಸ ಕಲಿತು ಕೊಲ್ಲಿಗೆ ಹೋದವರನ್ನು ಕೇಳಿ. ದುಬೈನಲ್ಲಿ ವಿದ್ಯುತ್ ಸಂಸ್ಥೆಯ ಗಿಡ್ಡ ಹೆಸರು 'ದೇವಾ'. ಬಿಲ್ಲು ನೋಡಿ ನಮ್ಮವರೂ ದೇವಾ ಅನ್ನುತ್ತಾರೆ! ಕರೆಂಟು, ನೀರು ಎರಡೂ ಒಂದೇ ಬಿಲ್ಲಿನಲ್ಲಿ. ವರ್ಷದ ಬಾಡಿಗೆಯ ಶೇಕಡಾ 5ರಷ್ಟು ವಸತಿ ಶುಲ್ಕವನ್ನು ತಿಂಗಳಿಗಿಷ್ಟು ಎಂದು ಅದರಲ್ಲೇ ಸೇರಿಸುತ್ತಾರೆ. ಗೊತ್ತಿಲ್ಲದವನು ಎ.ಸಿ. ಆರಿಸಿ ಬೆವರುತ್ತಾ ಕೂರುತ್ತಾನೆ, ಬಿಲ್ಲು ಏರಿದ್ದು ಬಾಡಿಗೆಯಿಂದ.

ಒಂದು ಹಳೆಯ ಹೊಟ್ಟೆಯುರಿಯನ್ನೂ ಹೇಳಿಬಿಡುತ್ತೇನೆ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನಾವು ನಿಜಾಮನ ಸೀಮೆಯವರು, ನಮ್ಮ ಓಣಿಗಳಿಗೆ ಕಂದೀಲು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಘಟಕ ಶುರುವಾಗಿ, ಅಂದಿನಿಂದ ನಮ್ಮ ಸೀಮೆಯ ಬಿಸಿಲಲ್ಲೇ ಕಲ್ಲಿದ್ದಲು ಉರಿದು ರಾಜ್ಯಕ್ಕೆಲ್ಲ ಬೆಳಕಾಯಿತು. ಬೂದಿ ಇಲ್ಲೇ ಉಳಿಯಿತು. ಬೂದಿ ಉಂಡವರಿಗೆ ಬಿಲ್ಲಾದರೂ ಅರ್ಥವಾಗುವಂತೆ ಕೊಡಿ ಎಂದು ಕೇಳುವುದು ದುರಾಸೆಯೇ?

ಅಂದಹಾಗೆ, ಅಣ್ಣನ ಮಗನಿಗೆ ಉತ್ತರ ಕೊಟ್ಟೆ. ಗೋಡೆಯ ಮೊಳೆಯಿಂದ ಬಿಲ್ಲು ಕಿತ್ತು ಕನ್ನಡಕ ಹಾಕಿಕೊಂಡು ನೋಡಿದೆ. ಒಂದು ಕಿಲೋವ್ಯಾಟ್. ಅದೂ ತೀರಿಕೊಂಡ ನನ್ನ ಅಪ್ಪನ ಹೆಸರಲ್ಲಿ.

"ಒಂದ್ ಕಿಲೋವ್ಯಾಟ್ನಾಗ ಕಾಯಿಲ್, ಮೋಟರ್, ಮಿಕ್ಸರ್ ಎಲ್ಲಾ ಹ್ಯಾಂಗ ನಡೀತದ ಕಾಕಾ?" ಎಂದು ಹುಡುಗ ತೂರಿನ್‌ನಿಂದ ನಕ್ಕ.

ಹೆಸರು ಬದಲಾವಣೆಗೆ, 3 ಕಿಲೋವ್ಯಾಟಿಗೆ ಏರಿಸಲು, ಎರಡಕ್ಕೂ ಅರ್ಜಿ ಬರೆದಿದ್ದೇನೆ. ಅದು ಮಂಜೂರಾಗುವವರೆಗೆ ಅವ್ವನಿಗೊಂದು ಕರಾರು: ಕಾಯಿಲ್ ಹಾಕಿದಾಗ ಮೋಟರ್ ಹಚ್ಚಬಾರದು. ಅವಳು ಒಪ್ಪಿದ್ದಾಳೆ. ಮಿಕ್ಸರಿನ ವಿಷಯದಲ್ಲಿ ಮಾತುಕತೆ ಇನ್ನೂ ನಡೆದಿದೆ.